ಮೋಡೆಮ್ಮಿನ ತಿರುಪು ತಿರುಗಿಸಿದ್ದು ಯಾರು?

"ಯಾರೋ ಮತ್ತೆ ಕೈ ಹಾಕಿದ್ದಾರೆ!"

ರಿಪೇರಿ ಗಂಟಲು ಹರಿಯುವಂತೆ ಕೂಗಿದ. ಅಡುಗೆಮನೆಯಿಂದ ಉತ್ತರವಿಲ್ಲ. ಇರುವುದಾದರೂ ಹೇಗೆ? ಈ ಮನೆಯಲ್ಲಿ ಜನ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಲು ಶುರುಮಾಡಿ ಒಂದು ವಾರವಾಗಿತ್ತು.

ಕೆಟ್ಟ ಯಂತ್ರಗಳ ಹಿಂದೆ ಬಿದ್ದ ಅವನನ್ನು ಊರೆಲ್ಲ ಕರೆಯುವುದೇ 'ರಿಪೇರಿ' ಎಂದು. ಅವನೆದುರು ಮೇಜಿನ ಮೇಲೆ ಆ ಹಳೇ ಮೋಡೆಮ್ಮು ಒಂದೇ ಸಮ ಕಿರುಚುತ್ತಿತ್ತು. ಕಂಪ್ಯೂಟರಿನ ಮಾತನ್ನು ಸಿಳ್ಳೆಯಾಗಿಸಿ ಟೆಲಿಫೋನ್ ತಂತಿಯಲ್ಲಿ ಸಾಗಿಸುವ ಡಬ್ಬಿ ಅದು. ನೆತ್ತಿಯ ಮೇಲೆ ಎರಡು ರಬ್ಬರ್ ಬಟ್ಟಲು. ಟೆಲಿಫೋನಿನ ರಿಸೀವರನ್ನು ಅವುಗಳಲ್ಲಿ ಬೋರಲಾಗಿ ಮಲಗಿಸಬೇಕು. ಇದರ ಜೋಡಿ ಇನ್ನೊಂದು ಹಜಾರದಲ್ಲಿದೆ. ಇಲ್ಲಿ ಟೈಪ್ ಮಾಡಿದ್ದು ಅಲ್ಲಿಯ ಪರದೆಯ ಮೇಲೆ ಮೂಡಬೇಕು. ನಿನ್ನೆ ಸಂಜೆ ಮೂಡಿತ್ತು. ಈಗ? ಬರೀ ಕಸ — ನಕ್ಷತ್ರ, ಪ್ರಶ್ನೆಚಿಹ್ನೆ, ಅರ್ಧ ಆವರಣ!

ಸಿಳ್ಳೆಯ ಸ್ವರವನ್ನು ಏರಿಸಿ ಇಳಿಸಲು ಡಬ್ಬಿಯ ಬೆನ್ನಿಗೊಂದು ಸಣ್ಣ ತಿರುಪು ಇತ್ತು. ಮೀಟರಿನ ಮುಳ್ಳು ಕಪ್ಪು ಗೆರೆಯ ಮೇಲೆ ನಿಂತರೆ ಸರಿ. ಸಂಜೆ ಗೆರೆಯ ಮೇಲೆ ಕೂರಿಸಿಟ್ಟರೆ ಬೆಳಗ್ಗೆ ಮುಳ್ಳು ಗೆರೆ ದಾಟಿರುತ್ತದೆ. ಇದು ಮೂರನೇ ಸಲ. ನಿನ್ನೆಯಂತೂ ತಿರುಪಿನ ತಲೆಗೆ ಹೆಂಡತಿಯ ಕೆಂಪು ಉಗುರುಬಣ್ಣ ಬಳಿದು ಸೀಲು ಮಾಡಿದ್ದ. ಆ ಸೀಲು ಚೂರುಚೂರಾಗಿ ಮೇಜಿನ ಮೇಲೆ ಬಿದ್ದಿತ್ತು.

ಸಂಜೆಗೆ ಗಡುವು ಬೇರೆ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ಮೆಷಿನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತಿತ್ತು. ಅವಳು ಕೇಳುತ್ತಿದ್ದ ಈ ಕೋಣೆಯ ತುಂಬ ಗಂಡನ ಸತ್ತ ಯಂತ್ರಗಳು ಕಾಲು ಚಾಚಿಕೊಂಡಿದ್ದವು. "ಇವತ್ತು ಸಂಜೆ ನಾನು ಹೊಡೆದ ಒಂದು ಸಾಲು ಒಂದಕ್ಷರ ಕೆಡದೆ ಆಚೆ ಬರ್ಲಿ, ಕೋಣೆ ನಿಮ್ಮದೇ. ಬರ್ಲಿಲ್ವೋ, ಗುಜರಿಯವನ್ನ ಕರೀತೀನಿ," ಎಂದಿದ್ದಳು. ಅವಳ ಮಾತೆಂದರೆ ಮಾತು.

ರಿಪೇರಿ ಚಪ್ಪಲಿ ಮೆಟ್ಟಿದವನೇ ಓಡಿಹೋಗಿ ಅಕ್ಕನನ್ನು ಕರೆತಂದ.

ಅಕ್ಕ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಮುಖ ನೋಡಿಯೇ ಟಿಕೆಟ್ ಇಲ್ಲದವನನ್ನು ಹಿಡಿಯುತ್ತಿದ್ದ ಗಟ್ಟಿಗಿತ್ತಿ. ಕೋಣೆಗೆ ಕಾಲಿಟ್ಟವಳೇ ಕಿವಿ ಮುಚ್ಚಿಕೊಂಡಳು.

"ಅಯ್ಯಯ್ಯೋ, ಈ ಪೀಡೆ ನಿಲ್ಸೋ! — ಇಲ್ಲ, ಬೇಡ. ಕೂಗ್ಲಿ ಬಿಡು. ಮೂರು ಸಲಾನೂ ಮುಳ್ಳು ಎಲ್ಲಿ ನಿಂತಿತ್ತು?"

"ಗೆರೆಯಿಂದ ಎರಡು ಗೀಟು ಆಚೆ."

"ಮೂರು ಸಲಾನೂ ಅಲ್ಲೇ?"

"ಹೂಂ, ಅಲ್ಲೇ. ಯಾಕಕ್ಕ?"

"ಸುಮ್ನೆ. ಬೆಳಗ್ಗೆ ನೀನು ಎಲ್ಲಿದ್ದೆ?"

"ಹಳೇ ಯಂತ್ರ ನೋಡು, ಬಿಸಿಯಾಗದೆ ಸ್ವರ ನಿಲ್ಲಲ್ಲ. ಇದನ್ನ ಹಚ್ಚಿಟ್ಟು ಸ್ನಾನಕ್ಕೆ ಹೋಗಿದ್ದೆ. ದಿನಾ ಹಾಗೇ."

ಅಕ್ಕ ಮೊದಲು ತಮ್ಮನ ಹೆಂಡತಿಯನ್ನು ಹಿಡಿದಳು. ಅವಳು ಎರಡೂ ಕಿವಿಯಿಂದ ಹತ್ತಿ ಕಿತ್ತು, "ಏನಂದ್ರಿ ಅತ್ತಿಗೆ?" ಎಂದಳು.

"ಕೋಣೆ ಬೇಕಾಗಿರೋದು ನಿನಗೆ. ಉಗುರಲ್ಲಿ ಕೆಂಪು ಬೇರೆ ಇದೆ!"

"ಉಗುರುಬಣ್ಣ ಉಗುರಲ್ಲಿರದೆ ಮೂಗಲ್ಲಿರುತ್ತಾ? ನಾನ್ಯಾಕೆ ಕದ್ದುಮುಚ್ಚಿ ಕೆಡಿಸ್ಲಿ ಅತ್ತಿಗೆ? ಅದು ತನ್ನಷ್ಟಕ್ಕೆ ತಾನೇ ಕೆಡುತ್ತೆ ಅಂತ ನಂಬಿದ್ದೆ!"

ಆ ಮಾತಿನಲ್ಲಿ ಸತ್ಯವಿತ್ತು. ಅಷ್ಟರಲ್ಲಿ ಮಹಡಿಯ ಮನೆಯ ನರ್ಸಮ್ಮ ಅರೆಗಣ್ಣಲ್ಲಿ ಮೆಟ್ಟಿಲಿಳಿದು ಬಂದಳು. ರಾತ್ರಿ ಪಾಳಿ ಮುಗಿಸಿ ಬಂದವಳು. ಅವಳ ಕಿವಿಯಲ್ಲಂತೂ ಆಸ್ಪತ್ರೆಯದೇ ಹತ್ತಿ, ಹಿಡಿಯಷ್ಟು.

"ನೀವೇನಾದ್ರೂ ಬೆಳಗ್ಗೆ ಇದನ್ನ ಮುಟ್ಟಿದ್ರಾ?" ಅಕ್ಕ ಕೂಗಿ ಕೇಳಿದಳು.

"ಮುಟ್ಟಿದ್ದಿದ್ರೆ ತಿರುಪು ತಿರುಗಿಸ್ತಿದ್ನಾ? ಎತ್ತಿ ಬಾವಿಗೆ ಹಾಕ್ತಿದ್ದೆ!"

ಇದೂ ಸತ್ಯವೇ. ಉಳಿದವರು ಒಬ್ಬರು — ರಿಪೇರಿಯ ಮಾವ, ಹೆಂಡತಿಯ ಅಪ್ಪ. ಹಜಾರದಲ್ಲಿ ಬೆನ್ನು ಹಾಕಿ ಪೇಪರು ಓದುತ್ತಿದ್ದರು. ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಕೂರಿಸುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು.

"ಮಾವನ್ನ ಬಿಟ್ಬಿಡಕ್ಕ," ಎಂದ ರಿಪೇರಿ. "ಪಾಪ, ಮೊದಲನೇ ದಿನ ಈ ಸದ್ದಿಗೆ ಪೆಟ್ಟಿಗೆ ಕಟ್ಕೊಂಡು ಹೊರಟೇಬಿಟ್ಟಿದ್ರು. ಈಗ ನೋಡು, ಒಂದು ಮಾತಾಡಲ್ಲ. ಈ ಮನೇಲಿ ನನ್ನ ಕಡೆ ಇರೋದು ಅವರೊಬ್ರೇ."

ಅಕ್ಕ ಬಾಗಿಲಲ್ಲೇ ನಿಂತು ಮೆಲ್ಲಗೆ, ಪಿಸುಮಾತಿಗಿಂತ ತುಸು ಜೋರಾಗಿ ಕೇಳಿದಳು: "ಯಜಮಾನ್ರೇ, ಕಾಫಿ ಆಯ್ತಾ?"

"ಆಯ್ತಮ್ಮ. ನಿಮ್ದು?" ಮಾವ ತಿರುಗಿಯೂ ನೋಡಲಿಲ್ಲ.

ಅಕ್ಕನ ಹುಬ್ಬು ಮೇಲಕ್ಕೆ ಹೋಯಿತು. ತಮ್ಮನ ಕಿವಿಯಲ್ಲಿ ಉಸುರಿದಳು: "ಹೋಗು. ಮುಳ್ಳನ್ನ ನಿಧಾನಕ್ಕೆ ಗೆರೆ ಮೇಲೆ ತಗೊಂಬಾ."

ರಿಪೇರಿ ಒಳಗೆ ಹೋಗಿ ತಿರುಪನ್ನು ತಿರುಗಿಸಿದ. ಸಿಳ್ಳೆ ಕೊಂಚ ಇಳಿಯಿತು. ನರ್ಸಮ್ಮನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ಮಾವ? ಹುಳಿ ಕಚ್ಚಿದವರಂತೆ ಮುಖ ಕಿವುಚಿದರು. ಪೇಪರು ಜಾರಿತು. ಬಲಗೈ ಸರ್ರನೆ ಜೇಬಿಗೆ ಹೋಯಿತು — ಹತ್ತಿಗೆ!

"ಸಿಕ್ಕಿಬಿದ್ರಲ್ಲ ಯಜಮಾನ್ರೇ!" ಅಕ್ಕ ಚಪ್ಪಾಳೆ ತಟ್ಟಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ನೀವು ಜೇಬು ಮುಟ್ಕೊಂಡ್ರಿ. ಎಲ್ಲಿ, ಹೆಬ್ಬೆಟ್ಟು ತೋರಿಸಿ."

ಮಾವನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಚೂರೊಂದು ಹೊಳೆಯಿತು.

"ಅಪ್ಪಾ!" ಎಂದಳು ಮಗಳು. "ಈ ವಯಸ್ಸಲ್ಲಿ ಉಗುರುಬಣ್ಣ?"

ರಿಪೇರಿ ಕೋಣೆಯಿಂದ ಓಡಿಬಂದ. "ನಿನಗೆ ಹೇಗೆ ಗೊತ್ತಾಯ್ತಕ್ಕ?"

"ಕೇಳು. ಹೊಟ್ಟೆಕಿಚ್ಚಿಗೆ ಕೆಡಿಸೋರು ತಿರುಪನ್ನ ಹೇಗ್ಹೇಗೋ ತಿರುಗಿಸ್ತಾರೆ. ಇಲ್ಲಿ ಮೂರು ಸಲಾನೂ ಮುಳ್ಳು ಒಂದೇ ಜಾಗದಲ್ಲಿ ನಿಂತಿದೆ. ಅಂದ್ರೆ ಯಾರೋ ಕೆಡಿಸ್ತಿಲ್ಲ, ಎಲ್ಲಿಗೋ ಕೂರಿಸ್ತಿದ್ದಾರೆ. ಮೀಟರ್ ಓದೋಕೆ ಬರೋದು ನಿನಗೊಬ್ಬನಿಗೇ. ಹಾಗಾದ್ರೆ ಇದು ಕಿವಿಯಿಂದ ಕೂರಿಸಿದ್ದು. ಇನ್ನೊಂದು — ಬಸ್ ತಡ ಆದ್ರೆ ಟಿಕೆಟ್ ತಗೊಂಡವನು ಕಂಡಕ್ಟರನ್ನ ಬೈತಾನೆ. ಟಿಕೆಟ್ ಇಲ್ಲದವನು ಮಾತ್ರ ತೆಪ್ಪಗಿರ್ತಾನೆ. ಈ ಮನೇಲಿ ಎಲ್ಲರೂ ಬೈತಿದ್ದಾರೆ, ಎಲ್ಲರ ಕಿವೀಲೂ ಹತ್ತಿ ಇದೆ. ಪೆಟ್ಟಿಗೆ ಕಟ್ಟಿದ್ದೋರು ಮಾತ್ರ ಬರೀ ಕಿವೀಲಿ ಕೂತು ನನ್ನ ಪಿಸುಮಾತಿಗೂ ಉತ್ತರ ಕೊಟ್ರು. ಆ ಸದ್ದು ಅವರಿಗೆ ಹಿತವಾಗಿದ್ದು ಯಾಕೆ? ತಾವೇ ಹಿತ ಮಾಡ್ಕೊಂಡಿದ್ರು!"

ಮಾವ ಎದೆ ಸೆಟೆಸಿ ಎದ್ದರು. "ಹೌದು, ತಿರುಗಿಸ್ದೆ! ಆ ಸಿಳ್ಳೆ ಎರಡು ಸ್ವರದ ನಡುವೆ ಬಿದ್ದು ಒದ್ದಾಡ್ತಿತ್ತು. ನೋಡೋಕಾಗದೆ ಎತ್ತಿ ಮೇಲಿನ ಸ್ವರದ ಮೇಲೆ ಕೂರಿಸ್ದೆ. ಕೆಡಿಸಿದ್ದಾ ಅದು? ಉಪಕಾರ!"

"ಮಾವ, ಗೆರೆ ಅಂದ್ರೆ ಗೆರೆ! ಜಗತ್ತಿನ ಮೋಡೆಮ್ಮುಗಳೆಲ್ಲ ಆ ಗೆರೆ ಮೇಲೇ —"

"ಜಗತ್ತು ಎಲ್ಲಿದೆ ಅಳಿಯಂದಿರೇ? ಇರೋದು ಎರಡು ಡಬ್ಬಿ. ಒಂದನ್ನ ಕೂರಿಸಿದೀನಿ. ಇನ್ನೊಂದನ್ನೂ ಅದೇ ಸ್ವರಕ್ಕೆ ಕೂರಿಸಿದ್ರೆ ಮಾತಾಡಲ್ವಾ?"

ರಿಪೇರಿ ಹಣೆ ಚಚ್ಚಿಕೊಂಡ. ಈ ಒಂದು ವಾರ ಇದು ಅವನ ತಲೆಗೆ ಹೊಳೆದೇ ಇರಲಿಲ್ಲ! ಗೆರೆಗೇ ಹಿಂದಿರುಗಿಸಿದರೆ ಮಾವ ಮತ್ತೆ ಪೆಟ್ಟಿಗೆ ಕಟ್ಟುತ್ತಾರೆ. ಆಮೇಲೆ ಹೆಂಡತಿಯೆದುರು ಕೋಣೆಯ ಮಾತನ್ನು ಎತ್ತುವ ಹಾಗೇ ಇಲ್ಲ. ಅಭಿಮಾನ ನುಂಗಿಕೊಂಡು ಸ್ಕ್ರೂಡ್ರೈವರನ್ನು ಮಾವನ ಕೈಗಿತ್ತ.

ಮಾವ ತಲೆ ಓರೆ ಮಾಡಿ ಮೊದಲು ಕೋಣೆಯ ಡಬ್ಬಿಯನ್ನು ಮತ್ತೆ ತಮ್ಮ ಸ್ವರಕ್ಕೆ ಏರಿಸಿದರು. ಆಮೇಲೆ ಹಜಾರದ ಡಬ್ಬಿಯ ತಿರುಪು ಹಿಡಿದರು. ಕೋಣೆಯಲ್ಲಿ ಅಕ್ಕ ಅಂಕಿಗಳನ್ನು ಒತ್ತುತ್ತಿದ್ದಳು, ಅಳಿಯ ಹಜಾರದ ಪರದೆ ನೋಡುತ್ತ ನಿಂತ. ಕಸ ಕಡಿಮೆಯಾಯಿತು. ಇನ್ನೂ ಕಡಿಮೆಯಾಯಿತು. ಆಮೇಲೆ ಒಂದು ಅಂಕಿ ತಪ್ಪದೆ ಒಂದು, ಎರಡು, ಮೂರು ಬಂದವು. ರಿಪೇರಿ ಮಾವನನ್ನು ತಬ್ಬಿಕೊಂಡೇಬಿಟ್ಟ.

ಸಂಜೆ ಹೆಂಡತಿ ಕೋಣೆಯೊಳಗೆ ಕೂತು ಅದೇನೋ ಹೊಡೆದಳು. ಉಳಿದವರೆಲ್ಲ ಹಜಾರದಲ್ಲಿ ಉಸಿರು ಬಿಗಿಹಿಡಿದು ನಿಂತರು. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು:

"ಗೆದ್ರಿ. ಕೋಣೆ ನಿಮ್ಮದೇ. ಕಿಟಕಿ ಪಕ್ಕದ ಜಾಗ ಮಾತ್ರ ನನ್ನ ಮೆಷಿನ್ನಿಗೆ."

ಆ ಕಿಟಕಿಯ ಪಕ್ಕದಲ್ಲೇ ರಿಪೇರಿಯ ಕುರ್ಚಿ ಇದ್ದದ್ದು. ಅವನು ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಕ್ಕ, ಕೊನೇ ಮಾತು ಮಾತ್ರ ಕಸ ಬಂತು ಅಂತ ಹೇಳ್ಬಿಡ್ಲಾ?"

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು, ಥೇಟ್ ಬಸ್ಸಿನಲ್ಲಿ ನಿಲ್ಲುತ್ತಿದ್ದ ಹಾಗೆ.

"ಹೆಂಗಸರ ಸೀಟು ಕಣೋ ಅದು. ಏಳು, ಜಾಗ ಬಿಡು."