ಅಜ್ಜಿ ಕಂಡ ಸ್ಪುಟ್ನಿಕ್

“ನಿಮ್ಮಜ್ಜಿ ಸ್ಪುಟ್ನಿಕ್ ನೋಡೇ ಇಲ್ಲ,” ಎಂದು ಡಿಕ್ಷನರಿ ಎಂಬ ಹುಡುಗ ಲೈಬ್ರರಿ ಪುಸ್ತಕವನ್ನು ಬೆಂಚಿನ ಮೇಲೆ ಪಿಟೀಲುವಿನ ಕಡೆ ತಳ್ಳಿದ. “ಪೇಜ್ ಹನ್ನೆರಡು. ನೀನೇ ಓದ್ಕೋ.”

ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವುದರಿಂದ ಕ್ಲಾಸಿನಲ್ಲಿ ಅವನಿಗೆ ಆ ಅಡ್ಡಹೆಸರು. ಚಿಕ್ಕಂದಿನಲ್ಲಿ ಸದಾ ಕುಂಯ್‌ಗುಟ್ಟುತ್ತಿದ್ದುದರಿಂದ ಅವಳಿಗೆ ಪಿಟೀಲು ಎಂಬ ಹೆಸರು.

ಪಿಟೀಲು ಓದಿದಳು. 1957ರಲ್ಲಿ ಹಾರಿದ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಎರಡು ಅಡಿಯೂ ಇಲ್ಲದ ಒಂದು ಚೆಂಡು. ಬರಿಗಣ್ಣಿಗೆ ಅದು ಕಾಣುವುದು ತೀರಾ ಕಷ್ಟ. ಜನ ನೋಡಿದ್ದು ಅದನ್ನು ಹೊತ್ತೊಯ್ದ ರಾಕೆಟ್ಟಿನ ಖಾಲಿ ಭಾಗವನ್ನು. ಅದೂ ಭೂಮಿಯನ್ನು ಸುತ್ತುತ್ತಿತ್ತು.

ಇನ್ನೊಮ್ಮೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ಮೂರನೇ ಪೀರಿಯಡ್ಡಿಗೆ ಅಜ್ಜಿ ಆ ಕತೆ ಹೇಳಲು ಕ್ಲಾಸಿಗೆ ಬರುವವರಿದ್ದರು. ‘ಸ್ಪುಟ್ನಿಕ್ ಕಣ್ಣಾರೆ ಕಂಡವರು’ ಎಂದು ಮಿಸ್ ಆಗಲೇ ಬೋರ್ಡಿನ ಮೇಲೆ ಬಣ್ಣದ ಚಾಕ್‌ನಲ್ಲಿ ಬರೆದಿದ್ದರು. ಅಜ್ಜಿ ಸುಳ್ಳು ಹೇಳುವವರಲ್ಲ. ಪುಸ್ತಕ ಮಾತ್ರ ಯಾಕೆ ಸುಳ್ಳು ಹೇಳುತ್ತೆ? ಎಲ್ಲರೆದುರು ಡಿಕ್ಷನರಿ ಕೈ ಎತ್ತುವುದು ಅವಳ ಕಣ್ಣಿಗೆ ಕಟ್ಟಿತು.

ಎರಡನೇ ಪೀರಿಯಡ್ ಮುಗಿದದ್ದೇ ತಡ, ಪಿಟೀಲು ಗೇಟಿಗೆ ಓಡಿದಳು. ಅಜ್ಜಿ ಹೊಸ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು.

“ಅಜ್ಜಿ, ಇವತ್ತು ಬೇಡ. ಮನೆಗೆ ಹೋಗಿಬಿಡಿ.”

“ಯಾಕೇ? ರಾತ್ರಿಯೆಲ್ಲ ಮಾತು ಜೋಡಿಸ್ಕೊಂಡಿದೀನಿ.”

ಪಿಟೀಲು ಪುಸ್ತಕ ತೆರೆದು ಕೊಟ್ಟಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಿಂತಲ್ಲೇ ಓದಿದರು. ಆಮೇಲೆ ವಾಚ್‌ಮನ್ ಸ್ಟೂಲಿನ ಮೇಲೆ ಕೂತರು.

ತೋರಿಸಬಾರದಿತ್ತೇನೋ ಎಂದುಕೊಂಡಳು ಪಿಟೀಲು. ತೋರಿಸದೇ ಇದ್ದಿದ್ದರೆ?

“ಅವನು ಇದನ್ನೇ ಹೇಳಿದ್ದ,” ಎಂದರು ಅಜ್ಜಿ.

“ಯಾರು?”

“ನಮ್ಮಣ್ಣ. ಬೆಳಗಿನ ಜಾವ ಇಡೀ ಬೀದಿ ಟೆರೇಸ್ ಹತ್ತಿತ್ತು. ಚುಕ್ಕಿ ಸರ್ರನೆ ಹೋಯ್ತು. ಎಲ್ಲರೂ ಸ್ಪುಟ್ನಿಕ್, ಸ್ಪುಟ್ನಿಕ್ ಅಂತ ಕುಣಿದ್ವಿ. ಅಷ್ಟು ಸಣ್ಣ ಚೆಂಡು ಇಷ್ಟು ಹೊಳೆಯುತ್ತಾ, ಇದು ರಾಕೆಟ್ ಇರಬೇಕು ಅಂದ ಅವನು. ನಾನು ಬಿದ್ದೂ ಬಿದ್ದೂ ನಕ್ಕೆ. ಅವನಿಗೆ ರಾಕೆಟ್ ಅಂತ ಹೆಸರಿಟ್ಟಿದ್ದೇ ನಾನು. ಆಮೇಲೆ ಬೀದಿಯವರೆಲ್ಲ ಹಿಡ್ಕೊಂಡ್ರು.”

ರಾಕೆಟ್ ತಾತ. ಪಕ್ಕದ ಬೀದಿಯ ರೇಡಿಯೋ ರಿಪೇರಿ ಅಂಗಡಿಯ ತಾತ. ಸ್ಕೂಟರ್ ಜೋರಾಗಿ ಓಡಿಸುತ್ತಿದ್ದುದಕ್ಕೆ ಆ ಹೆಸರು ಎಂದುಕೊಂಡಿದ್ದಳು ಪಿಟೀಲು. ಅಜ್ಜಿ ಸ್ಪುಟ್ನಿಕ್ ಕತೆ ತೆಗೆದಾಗಲೆಲ್ಲ ತಾತ ಎದ್ದು ಹೊರಗೆ ಹೋಗುತ್ತಿದ್ದರು. ಕೇಳಿ ಕೇಳಿ ಬೇಜಾರಾಗಿರಬೇಕು ಎಂದುಕೊಂಡಿದ್ದಳು.

ಅಜ್ಜಿ ಎದ್ದು ರಸ್ತೆಯ ಕಡೆ ತಿರುಗಿದರು.

“ಅಜ್ಜಿ, ಕ್ಲಾಸ್ ಈ ಕಡೆ.”

“ಗೊತ್ತು ಕಣೇ. ಅವನು ಅಂಗಡಿ ತೆಗೆದಿರ್ತಾನೆ ಈಗ. ಕರ್ಕೊಂಡು ಬರ್ತೀನಿ.”

“ಅವರು ಬೈದ್ರೆ?”

“ಬೈಲಿ. ಒಂದು ದಿನಾನೂ ಬೈಲಿಲ್ಲವಲ್ಲ, ಅದೇ ಕಷ್ಟ.”

ಹೊಸ ಚಪ್ಪಲಿ ಕಚ್ಚುತ್ತಿತ್ತೋ ಏನೋ, ಅಜ್ಜಿ ಕುಂಟುತ್ತ ಹೋದರು. ಆದರೂ ಬೇಗ ಬೇಗ ಹೋದರು. ಅವರಿಗೆ ದುಃಖವಾಗಿದೆಯೋ ಖುಷಿಯಾಗಿದೆಯೋ ಪಿಟೀಲುಗೆ ತಿಳಿಯಲಿಲ್ಲ.

ಕ್ಲಾಸಿನಲ್ಲಿ ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದರು.

“ಎಲ್ಲಮ್ಮಾ ನಿಮ್ಮಜ್ಜಿ?” ಎಂದರು ಮಿಸ್.

“ಓಡಿಹೋದ್ರಾ?” ಎಂದು ಡಿಕ್ಷನರಿ ಪಿಸುಗುಟ್ಟಿದ.

ಪಿಟೀಲು ಕೂರಲಿಲ್ಲ. “ಮಿಸ್, ನಮ್ಮಜ್ಜಿ ನೋಡಿದ್ದು ಸ್ಪುಟ್ನಿಕ್ ಅಲ್ಲ, ರಾಕೆಟ್. ಅವತ್ತೇ ಅದನ್ನ ಸರಿಯಾಗಿ ಹೇಳಿದವರು ಒಬ್ಬರಿದ್ದಾರೆ. ಅಜ್ಜಿ ಅವರನ್ನ ಕರೆಯೋಕೆ ಹೋಗಿದ್ದಾರೆ.”

“ಬರ್ತಾರಾ?”

“ಗೊತ್ತಿಲ್ಲ ಮಿಸ್.”

ಮಿಸ್ ಬೋರ್ಡ್ ಒರೆಸಿ ಚಾಕ್ ತೆಗೆದುಕೊಂಡರು. “ಅವರ ಹೆಸರು ಹೇಳು, ಬರೆಯೋಣ.”

ರಾಕೆಟ್ ತಾತ ಎನ್ನಲು ಪಿಟೀಲು ಬಾಯಿ ತೆರೆದಳು. ಮುಚ್ಚಿದಳು. ಬೇರೆ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ.

“ಅವರು ಬಂದ ಮೇಲೆ ಕೇಳ್ತೀನಿ ಮಿಸ್,” ಎಂದಳು.