ಓದದೆ ನಕ್ಕ ಪತ್ರ

ಸಾವಿರ ಪುಟದ ಪುಸ್ತಕವನ್ನು ಒಂದು ಆಕಳಿಕೆ ಮುಗಿಯುವಷ್ಟರಲ್ಲಿ ಓದಿ ಬಿಸಾಕಿದವನು ನಾನು. ಲೈಬ್ರರಿಯ ಕಪಾಟುಗಳು ನನ್ನನ್ನು ಕಂಡರೆ ಗಡಗಡ ನಡುಗುತ್ತಿದ್ದವು. ಬೀಗ ರಿಪೇರಿ ಬರೀ ಹೊಟ್ಟೆಪಾಡು. ಅದರಲ್ಲೂ ನಾನೊಮ್ಮೆ ಕೆಮ್ಮಿದರೆ ಸಾಕು, ಬೀಗಗಳು ತಾವೇ ತೆರೆದುಕೊಳ್ಳುತ್ತವೆ.

ಬುಕ್ ಬೈಂಡಿಂಗ್ ಅಂಗಡಿಯ ಅಲ್ಮೇರಾದ ಬೀಗ ಕೆಟ್ಟಾಗ ಅಲ್ಲಿದ್ದವಳಿಗೂ ಇದನ್ನೇ ಹೇಳಿದೆ. ಅವಳ ಬೆರಳ ತುದಿಯಲ್ಲಿ ಒಣಗಿದ ಗೋಂದು, ಕಿವಿಯ ಹಿಂದೆ ಪೆನ್ಸಿಲ್, ತುಟಿಯಂಚಿನಲ್ಲಿ ನನ್ನನ್ನು ಒಂಚೂರೂ ನಂಬದ ನಗು.

“ಅಷ್ಟೊಂದು ಓದ್ತೀರಾ? ಹಾಗಾದ್ರೆ ನಿಮಗೆ ಮೆಸೇಜ್ ಮಾಡ್ತೀನಿ.”

“ಓದೋದೇನು, ಕುಡಿದೇಬಿಡ್ತೀನಿ! ಫೋನಲ್ಲಿ ಟೈಪ್ ಮಾಡಿದ್ದೆಲ್ಲ ಒಂದು ಬರವಣಿಗೆನಾ? ನೀವು ಕೈಯಲ್ಲೇ ಪತ್ರ ಬರೀರಿ. ನಾನು ವಾಯ್ಸ್ ಮೆಸೇಜಲ್ಲಿ ಉತ್ತರ ಕೊಡ್ತೀನಿ. ನನ್ನ ಕಂಠ ನಿಮಗೂ ಸಿಗ್ಲಿ.”

“ಆಗ್ಲಿ ವಿದ್ವಾಂಸರೇ.”

ಟೈಪ್ ಮಾಡಿದ್ದನ್ನಾದರೆ ನನ್ನ ಫೋನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕೈಬರಹ ಅದಕ್ಕೆ ಬಾರದು. ಜಂಬ ಕೊಚ್ಚಿ ನಾನೇ ಹಳ್ಳಕ್ಕೆ ಬಿದ್ದಿದ್ದೆ.

ವಾರಕ್ಕೊಂದು ಪತ್ರ ಬಂತು. ಸಿಕ್ಕಾಗ ಅವಳೇ ತಡೆಯಲಾರದೆ, “ಮಾಲೀಕರ ವಿಗ್ಗು ಗೋಂದಿನ ಡಬ್ಬಿಗೆ ಬಿದ್ದಿದ್ದು ಓದಿದ್ರಾ?” ಎಂದು ಕೇಳಿ ನಗುತ್ತಿದ್ದಳು. ಅವಳು ಬರೆಯುವುದೆಲ್ಲ ತಮಾಷೆಯೇ ಎಂದು ನನಗೆ ಗೊತ್ತಾಯಿತು. ಅಷ್ಟು ಸಾಕಿತ್ತು.

ಒಂಬತ್ತನೆಯ ಪತ್ರಕ್ಕೆ ಜೋರಾಗಿ ನಗುತ್ತ ವಾಯ್ಸ್ ಮೆಸೇಜ್ ಕಳಿಸಿದೆ: “ಓದಿದೆ! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಇಂಥದ್ದೇ ಇನ್ನೊಂದು ಬರೀರಿ.”

ಆರು ದಿನ ಸದ್ದಿಲ್ಲ. ಏಳನೆಯ ದಿನ ನನ್ನ ಅಂಗಡಿಗೆ ಬಂದಳು. ಕಣ್ಣು ಊದಿತ್ತು.

“ನಮ್ಮಮ್ಮ ಹೋಗ್ಬಿಟ್ರು.”

“ಅಯ್ಯೋ! ನನಗೆ ಹೇಳಲೇ ಇಲ್ವಲ್ಲ!”

ಅವಳು ನನ್ನ ಮುಖವನ್ನೇ ನೋಡಿದಳು.

“ನಾನು ಕೊನೆಗೆ ಬರೆದ ಪತ್ರ ತೆಗೀರಿ. ಓದಿ.”

“ಕನ್ನಡಕ ಮನೇಲಿ...”

“ನಿಮಗೆ ಕನ್ನಡಕ ಇಲ್ಲ.”

ಹಾಳೆ ಬಿಡಿಸಿದೆ. ಸಾಲುಗಳು ಒಂದರೊಳಗೊಂದು ನುಗ್ಗಿದವು.

“ಅಕ್ಷರ ಗೊತ್ತು ನನಗೆ. ಆದ್ರೆ ನಿಂತಲ್ಲಿ ನಿಲ್ಲಲ್ಲ ಅವು. ಡಿಸ್ಲೆಕ್ಸಿಯಾ ಅಂತಾರಂತೆ. ಸ್ಕೂಲಲ್ಲಿ ದಡ್ಡ ಅಂದ್ರು.”

ಅವಳು ಬೈಯಲಿಲ್ಲ. ಬೀಗದ ಖಾಲಿ ಡಬ್ಬಿಯ ರಟ್ಟು ಎಳೆದುಕೊಂಡು, ಚೀಲದಿಂದ ಬೈಂಡಿಂಗ್ ಚಾಕು ತೆಗೆದು, ಒಂದೇ ಸಾಲು ಕಾಣುವಷ್ಟು ಕಿಂಡಿ ಕೊಯ್ದು ಹಾಳೆಯ ಮೇಲಿಟ್ಟಳು.

“ಒಂದೊಂದೇ ಸಾಲು. ಗಟ್ಟಿಯಾಗಿ ಓದಿ.”

ಕಿಂಡಿಯನ್ನು ಸರಿಸುತ್ತ, ತೊದಲುತ್ತ ಓದಿದೆ. ಕೊನೆಯ ಸಾಲುಗಳು ಹೀಗಿದ್ದವು: “ಇನ್ನೆರಡು ದಿನ ಅಂದಿದ್ದಾರೆ ಡಾಕ್ಟರು. ನಾನೊಬ್ಬಳೇ ಇದ್ದೀನಿ. ಏನೂ ಮಾತಾಡಬೇಡಿ, ಬಂದು ಪಕ್ಕದಲ್ಲಿ ಕೂತ್ಕೊಳ್ಳಿ.”

“ನಿಮ್ಮ ನಗು ಕೇಳಿದಾಗ,” ಎಂದಳು, “ಅಮ್ಮನ ಕೈ ಹಿಡ್ಕೊಂಡು ಕೂತಿದ್ದೆ. ಯಾರ ಹತ್ರನಾದ್ರೂ ಓದಿಸ್ಕೋಬಾರ್ದಿತ್ತಾ?”

“ನಿಮ್ಮ ಮುಂದೆ ದಡ್ಡ ಆಗೋಕೆ ಮನಸ್ಸಾಗ್ಲಿಲ್ಲ.”

“ದಡ್ಡನ್ನಾದ್ರೆ ಮದುವೆ ಆಗ್ತಿದ್ದೆ ನಾನು.”

ಚಾಕು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಆಮೇಲೆ ಪತ್ರ ಬರಲಿಲ್ಲ.

ಇನ್ನು ಸುಳ್ಳು ಹೇಳಿ ಪ್ರಯೋಜನವಿಲ್ಲ. ಈ ಜನ್ಮದಲ್ಲಿ ನಾನು ಮೊದಲಿಂದ ಕೊನೆಯವರೆಗೆ ಓದಿರುವುದು ಅದೊಂದೇ ಪತ್ರ. ಎರಡು ಪುಟ. ಒಂದು ಗಂಟೆ ಹಿಡಿಯಿತು.