ಮೆರಿಲೀನಾಳ ಹಸಿರು ಲ್ಯಾಪ್‌ಟಾಪ್

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೆಡ್‌ಮಾಸ್ಟರ್ ವಿಕ್ಲಿಫ್ ವಿಲೆಹೋ ಅವರು ದ್ವೀಪದ ಠಾಣೆಗೆ ದೂರು ತಂದರು. ಸರ್ಕಾರ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಒಂದು ರಜೆಯಲ್ಲಿ ಶಾಲೆಯಿಂದ ಕಳುವಾಗಿತ್ತು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಕಿಲಿವಿಸಿ, ಕಾನ್‌ಸ್ಟೇಬಲ್ ಜೋಯ್ಲಿನ್ ಮಧ್ಯಾಹ್ನಕ್ಕೆ ದೋಣಿಯಲ್ಲಿ ಹಳ್ಳಿ ತಲುಪಿದರು.

ಪಂಚನಾಮೆ ಗೊಂದಲವನ್ನೇ ಹೆಚ್ಚಿಸಿತು. ಬೀಗ ಭದ್ರ. ಕಿಟಕಿಯ ಗಾಜಿನ ಪಟ್ಟಿ ಕಳಚಿ ನುಗ್ಗಿದವನು ಹೋಗುವಾಗ ಒರೆಸಿ ಮತ್ತೆ ಜೋಡಿಸಿದ್ದ. ಉಳಿದ ಲ್ಯಾಪ್‌ಟಾಪು, ಸೋಲಾರ್ ಬ್ಯಾಟರಿ, ಮೇಷ್ಟ್ರ ಹೊಸ ಚಪ್ಪಲಿ, ಯಾವುದನ್ನೂ ಮುಟ್ಟಿರಲಿಲ್ಲ.

"ಮಾರೋಕಾಗುತ್ತಾ?" ಕಿಲಿವಿಸಿ ಮೇಷ್ಟ್ರನ್ನು ಕೇಳಿದರು.

"ಯಾರು ಕೊಳ್ತಾರೆ ಸಾರ್? ಶಾಲೆ ಸಿಗ್ನಲ್ ಸಿಗದಿದ್ರೆ ತಾನಾಗೇ ಲಾಕ್ ಆಗುತ್ತೆ. ಕದೀಬಾರ್ದು ಅಂತ್ಲೇ ಹಾಗೆ ಮಾಡಿದಾರೆ."

"ಹಂಗಾದ್ರೆ ಕದ್ದೋನು ಪೆದ್ದ."

"ಇಲ್ಲಾ ನಾವು," ಎಂದಳು ಜೋಯ್ಲಿನ್.

ಮನೆಮನೆ ವಿಚಾರಣೆ ನಡೆಯಿತು. ಕಳ್ಳನನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಎಳನೀರು ಕೊಟ್ಟರು. ಒಬ್ಬರ ಕಣ್ಣೂ ಅಳುಕಲಿಲ್ಲ. ಕೊನೆಗೆ ಮರಗೆಣಸು ಹೆರೆಯುತ್ತಿದ್ದ ಮುದುಕಿಯನ್ನು ಜೋಯ್ಲಿನ್ ಬೇರೆ ಥರ ಕೇಳಿದಳು:

"ಅಜ್ಜಿ, ಹಸಿರು ಲ್ಯಾಪ್‌ಟಾಪ್ ಕಣ್ಣಿಗೆ ಬಿತ್ತಾ?"

"ದಿನಾ ಬೀಳುತ್ತೆ. ಮೆರಿಲೀನಾ ಹತ್ರ ಇದೆ."

"ಮೊದ್ಲೇ ಹೇಳೋಕೇನು ದಾಡಿ?" ಕಿಲಿವಿಸಿ ಗದರಿದರು.

"ನೀವು ಕಳ್ಳ ಎಲ್ಲಿ ಅಂದ್ರಿ. ನಮ್ಮೂರಲ್ಲಿ ಎಲ್ಲಿದಾನೆ ಕಳ್ಳ?"

"ಸರಿ, ಮೆರಿಲೀನಾ ಎಲ್ಲಿ?"

ಮುದುಕಿ ದಡದ ಸ್ಮಶಾನದತ್ತ ಕೈ ತೋರಿದಳು.

ಹವಳದ ಕಲ್ಲು ಹೊದಿಸಿದ ಹೊಸ ಗೋರಿ. ಮೇಲೆ ಅವಳ ತಟ್ಟೆ, ಬಾಚಣಿಗೆ, ನೀಲಿ ಲಂಗ, ನಡುವೆ ಲ್ಯಾಪ್‌ಟಾಪ್. ಪಕ್ಕದಲ್ಲಿ ಅಪ್ಪ ರೋಟು ಕೂತಿದ್ದ.

"ನೀನೇ ತೆಗೆದದ್ದಾ?"

"ಹೌದು. ಅವಳದ್ದು ಅವಳಿಗೆ ಕೊಟ್ಟೆ."

"ಅದು ಸರ್ಕಾರದ್ದು ಕಣಪ್ಪಾ."

"ಕೊಡುವಾಗ 'ನಿಂದೇ ಮರಿ' ಅಂದ್ರು. ಸತ್ತ ಮೇಲೆ ಇನ್ನೊಬ್ಬ ಹುಡುಗನಿಗೆ ಬೇಕು ಅಂತ ಮೇಷ್ಟ್ರು ತಗೊಂಡ್ಹೋದ್ರು. ಸತ್ತೋರ ಸಾಮಾನು ಬೇರೆಯವರು ಮುಟ್ತಾರಾ? ನಿಮ್ಮಮ್ಮನ ತಟ್ಟೆ ಎಲ್ಲಿದೆ ಸಾರ್?"

ಕಿಲಿವಿಸಿಯವರ ತಾಯಿಯ ತಟ್ಟೆಯೂ ಇಂಥದೇ ಕಲ್ಲಿನ ಮೇಲಿತ್ತು.

ಜಪ್ತಿಗೆ ಜೋಯ್ಲಿನ್ ಕೈ ಚಾಚಲಿಲ್ಲ. ಇನ್‌ಸ್ಪೆಕ್ಟರರೇ ಎತ್ತಿಕೊಂಡರು. ಸಂಜೆ ನಾಲ್ಕಕ್ಕೆ ರೋಟುವಿನ ಬಂಧನವಾಯಿತು. ಪೊಲೀಸ್ ದೋಣಿ ಹತ್ತುವಾಗ ಅವನು ಕೇಳಿದ:

"ಇದಕ್ಕೆ ಪೆಟ್ರೋಲ್ ಯಾರು ಹಾಕಿದ್ರು?"

"ಸರ್ಕಾರ."

"ಮಗಳಿಗೆ ಮಲೇರಿಯಾ ನೆತ್ತಿಗೇರಿದಾಗ ಆಸ್ಪತ್ರೆ ದೋಣಿಗೆ ಪೆಟ್ರೋಲ್ ಇಲ್ಲ ಅಂದ್ರು. ಮೂರು ದಿನ ದಡದಲ್ಲೇ ಎತ್ಕೊಂಡು ನಿಂತಿದ್ದೆ. ಲ್ಯಾಪ್‌ಟಾಪ್ ಹೋಯ್ತು ಅಂದ್ರೆ ಊಟದ ಹೊತ್ತಿಗೇ ಬಂದ್ಬಿಟ್ರಲ್ಲ!"

ಜೋಯ್ಲಿನ್ ಇಂಜಿನ್ನಿನ ಹಗ್ಗ ಎಳೆದಳು.

ವರದಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಕಿಲಿವಿಸಿ ಬರೆದರು: "ಮೃತ ಬಾಲಕಿಗೆ ಸರ್ಕಾರದಿಂದ ತಲುಪಿದ್ದು ಇದೊಂದೇ. ಹಿಂದಿರುಗಿಸಲು ತಂದೆ ಒಪ್ಪಲಿಲ್ಲ."